ಓದುಗರ ಕಟ್ಟೆ: ಕಂಬ ಹೆಸ್ಕಾಂದು, ದೀಪ ಪಾಲಿಕೆದು

ಸ್ಥಳೀಯ ಚುನಾವಣೆ ಮತ್ತು ಓಣಿಯ ಸುರಕ್ಷತೆ ಕುರಿತು ಬಂದ ಪತ್ರಗಳಲ್ಲಿ ಐದಕ್ಕೆ ಈ ಸಲ ಉತ್ತರ.

ನಮ್ಮ ಓಣ್ಯಾಗ ಎರಡು ತಿಂಗಳಾತು, ಬೀದಿ ಲೈಟ್ ಹತ್ತವಲ್ವು. ಒಂದು ಆಫೀಸಿಗೆ ಹೋದ್ರ ಇನ್ನೊಂದಕ್ಕ ಹೋಗ್ರಿ ಅಂತಾರ. ಕತ್ತಲದಾಗ ಹೆಣ್ಮಕ್ಕಳು ಓಡಾಡೂದು ಕಷ್ಟ ಆಗೇತಿ. ಮುಂದಿನ ಎಲೆಕ್ಷನ್‌ಗೆ ಯಾರೂ ಓಟು ಹಾಕೂದು ಬ್ಯಾಡ ಅಂತ ಮಾತಾಡಾಕತ್ತೀವಿ. ಇದರಿಂದ ಉಪಯೋಗ ಐತೇನ್ರಿ?
– ಓದುಗರು, ಹಳೇ ಹುಬ್ಬಳ್ಳಿ

ಬಹಿಷ್ಕಾರದಿಂದ ಉಪಯೋಗವಿಲ್ಲ. ವಾರ್ಡ್ ಚುನಾವಣೆಯಲ್ಲಿ ಗೆಲುವಿನ ಅಂತರ ಚಿಕ್ಕದು, ಒಂದು ಓಣಿಯ ಮತವೂ ಲೆಕ್ಕಕ್ಕೆ ಬರುತ್ತದೆ. ಒಂದು ಓಣಿ ಮನೆಯಲ್ಲಿ ಕೂತರೆ ಅಭ್ಯರ್ಥಿಗೆ ಒಂದು ಓಣಿ ತಿರುಗುವ ಕೆಲಸ ತಪ್ಪುತ್ತದೆ, ಅಷ್ಟೇ.

ದೀಪದ ವಿಷಯಕ್ಕೆ ಬರೋಣ. ಸಾಮಾನ್ಯವಾಗಿ ಕಂಬ ಮತ್ತು ವಿದ್ಯುತ್ ತಂತಿ ವಿದ್ಯುತ್ ಪೂರೈಸುವ ಕಂಪನಿ ಹೆಸ್ಕಾಂದು. ಅದರ ಮೇಲಿನ ದೀಪ, ದೀಪ ಕೂರಿಸಿದ ಪೈಪು, ಸ್ವಿಚ್ ಪೆಟ್ಟಿಗೆ ಮತ್ತು ಬಿಲ್ಲು ಪಾಲಿಕೆಯವು. ಆದ್ದರಿಂದ ದೂರು ಕೊಡುವ ಮೊದಲು ರಾತ್ರಿ ಹೊತ್ತು ಒಮ್ಮೆ ಓಣಿ ತಿರುಗಿ ನೋಡಿ. ಇಡೀ ಸಾಲೇ ಕತ್ತಲಾಗಿದ್ದರೆ ಸ್ವಿಚ್ ಪೆಟ್ಟಿಗೆಯ ಟೈಮರ್, ಕಾಂಟ್ಯಾಕ್ಟರ್ (ಇಡೀ ಸಾಲನ್ನು ಒಟ್ಟಿಗೆ ಹತ್ತಿಸುವ ಸ್ವಿಚ್) ಅಥವಾ ಎಂಸಿಬಿ (ದೋಷವಾದಾಗ ಕರೆಂಟ್ ಕಡಿಯುವ ಸ್ವಿಚ್) ಕೆಟ್ಟಿರಬೇಕು, ಇಲ್ಲವೇ ಕೇಬಲ್ ತುಂಡಾಗಿರಬೇಕು. ಒಂದೇ ದೀಪ ಸತ್ತಿದ್ದರೆ ಎಲ್‌ಇಡಿಯ ಡ್ರೈವರ್ (ದೀಪಕ್ಕೆ ಹದವಾಗಿ ಕರೆಂಟ್ ಕೊಡುವ ಭಾಗ) ಹೋಗಿರುವುದೇ ಹೆಚ್ಚು. ಮಿಣುಕುತ್ತಿದ್ದರೆ ಡ್ರೈವರ್ ಕೊನೆಯುಸಿರಲ್ಲಿದೆ ಅಥವಾ ಜೋಡಣೆ ಸಡಿಲವಾಗಿದೆ. ಹಗಲೂ ಉರಿಯುತ್ತಿದ್ದರೆ ಟೈಮರ್ ದೋಷ. ಇವೆಲ್ಲ ಪಾಲಿಕೆಯ ವಲಯ ಕಚೇರಿಗೆ ಹೋಗಬೇಕಾದ ದೂರುಗಳು. ತಂತಿ ಜೋತಾಡುತ್ತಿದ್ದರೆ, ಕಿಡಿ ಬರುತ್ತಿದ್ದರೆ, ಕಂಬ ವಾಲಿದ್ದರೆ, ಕಂಬಕ್ಕೆ ಕೈ ತಗುಲಿದರೆ ಜುಮ್ಮೆನ್ನುತ್ತಿದ್ದರೆ ಹೆಸ್ಕಾಂನ 1912ಕ್ಕೆ ಕೂಡಲೇ ಕರೆ ಮಾಡಿ, ಹತ್ತಿರ ಯಾರನ್ನೂ ಬಿಡಬೇಡಿ.

‘ನಮ್ಮ ಓಣಿ ಲೈಟ್ ಹತ್ತುತ್ತಿಲ್ಲ’ ಎಂದಷ್ಟೇ ಬರೆದರೆ ಲೈನ್‌ಮನ್ ಹಗಲಲ್ಲಿ ಬಂದು, ಯಾವ ದೀಪವೆಂದು ತಿಳಿಯದೆ ಹೋಗುತ್ತಾನೆ. ದೂರು ‘ಬಗೆಹರಿದಿದೆ’ ಎಂದು ಮುಚ್ಚಿಹೋಗುತ್ತದೆ. ಕಂಬದ ಸಂಖ್ಯೆ, ಸಂಖ್ಯೆ ಅಳಿಸಿದ್ದರೆ ಎದುರಿನ ಮನೆಯ ನಂಬರು, ವಾರ್ಡ್ ಸಂಖ್ಯೆ, ದೋಷದ ಬಗೆ, ರಾತ್ರಿ ತೆಗೆದ ಫೋಟೊ: ಇಷ್ಟನ್ನೂ ಹಾಕಿ. ಪೌರಾಡಳಿತ ನಿರ್ದೇಶನಾಲಯದ ‘ಜನಹಿತ’ ಆ್ಯಪ್‌ನಲ್ಲಿ ದಾಖಲಿಸಿದರೆ ದೂರಿನ ಸಂಖ್ಯೆ ಸಿಗುತ್ತದೆ. ಆ ಸಂಖ್ಯೆಗಳನ್ನು ದಿನಾಂಕದ ಸಮೇತ ಒಂದು ಹಾಳೆಯಲ್ಲಿ ಬರೆದಿಡಿ. ಮತ ಕೇಳಲು ಬಂದವರ ಕೈಗೆ ಕೊಡಬೇಕಾದದ್ದು ಆ ಹಾಳೆ. ಇನ್ನೊಂದು ಮಾತು: ಎಷ್ಟೋ ಕಡೆ ದೀಪ ಸರಿಯಾಗಿಯೇ ಇರುತ್ತದೆ, ಬೇವಿನ ಟೊಂಗೆ ಅದನ್ನು ಮುಚ್ಚಿರುತ್ತದೆ. ಆಗ ಕೇಳಬೇಕಾದದ್ದು ಹೊಸ ದೀಪವನ್ನಲ್ಲ, ಟೊಂಗೆ ಸವರಲು.

ಬಾಡಿಗೆ ಮನೆ ಬದಲಿಸಿದ್ದೇವೆ. ವೋಟರ್ ಕಾರ್ಡ್ ಹಳೆಯದೇ ಇದೆ. ಪಾಲಿಕೆ ಚುನಾವಣೆಗೆ ನಡೆಯುತ್ತದೆಯೆ? ಚುನಾವಣೆ ಯಾವಾಗ?
– ಓದುಗರು, ಸಪ್ತಾಪುರ, ಧಾರವಾಡ

ಕಾರ್ಡ್ ಇದ್ದರೆ ಸಾಲದು, ಈಗಿನ ವಾರ್ಡಿನ ಪಟ್ಟಿಯಲ್ಲಿ ಹೆಸರಿರಬೇಕು. ಪಾಲಿಕೆ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ. ಆದರೆ ವಾರ್ಡಿನ ಪಟ್ಟಿ ತಯಾರಾಗುವುದು ವಿಧಾನಸಭೆಯ ಮತದಾರರ ಪಟ್ಟಿಯಿಂದಲೇ. ಹಾಗಾಗಿ ಮೊದಲು ಅಲ್ಲಿ ಸರಿಪಡಿಸಿಕೊಳ್ಳಿ. ಮನೆ ಬದಲಾಗಿದ್ದರೆ ನಮೂನೆ 8, ಹೊಸ ಹೆಸರಿಗೆ ನಮೂನೆ 6, ತೀರಿಕೊಂಡವರ ಹೆಸರು ತೆಗೆಸಲು ನಮೂನೆ 7. ಮಾಹಿತಿಗೆ 1950ಕ್ಕೆ ಕರೆ ಮಾಡಿ.

ಕರಡು ವಾರ್ಡ್ ಪಟ್ಟಿ ಪ್ರಕಟವಾದಾಗ ಕಣ್ಣಾರೆ ನೋಡಲೇಬೇಕು. ವಾರ್ಡಿನ ಗಡಿ ರಸ್ತೆಯ ಮಧ್ಯೆ ಹಾದುಹೋಗಿದ್ದು, ಪಟ್ಟಿಯಲ್ಲಿ ಮನೆ ನಂಬರ್ ಇಲ್ಲದಿದ್ದರೆ, ಹೆಸರು ಎದುರಿನ ವಾರ್ಡಿಗೆ ಹಾರಿರುತ್ತದೆ. ಆಕ್ಷೇಪಣೆಗೆ ಕೊಡುವ ದಿನಗಳು ಕಡಿಮೆ. ವಿಧಾನಸಭೆಗೆ ಮತ ಹಾಕಿದ ಶಾಲೆಯೇ ಇದಕ್ಕೂ ಮತಗಟ್ಟೆ ಎಂದು ನಂಬಿ ಹೋಗಬೇಡಿ.

82 ವಾರ್ಡುಗಳ ಹುಬ್ಬಳ್ಳಿ-ಧಾರವಾಡ ಪಾಲಿಕೆಗೆ ಮತದಾನ ನಡೆದದ್ದು 2021ರ ಸೆಪ್ಟೆಂಬರ್ 3ರಂದು. ಮೇಯರ್ ಆಯ್ಕೆಯಾದದ್ದು 2022ರ ಮೇ ಕೊನೆಗೆ. ಐದು ವರ್ಷದ ಅವಧಿಯನ್ನು ಎಣಿಸುವುದು ಮತದಾನದ ದಿನದಿಂದ ಅಲ್ಲ, ಪಾಲಿಕೆಯ ಮೊದಲ ಸಭೆಯಿಂದ. ಆ ಲೆಕ್ಕದಲ್ಲಿ ಈ ಅವಧಿ ಮುಗಿಯುವುದು 2027ರ ಮೇ ಸುಮಾರಿಗೆ. ಇದರ ನಡುವೆ ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಮಾಡಲು ರಾಜ್ಯ ಸಚಿವ ಸಂಪುಟ 2025ರ ಜನವರಿಯಲ್ಲಿ ಒಪ್ಪಿದೆ. ವಿಭಜನೆಯಾದರೆ ವಾರ್ಡ್ ಸಂಖ್ಯೆ, ಗಡಿ, ಮೀಸಲಾತಿ ಎಲ್ಲವೂ ಬದಲಾಗಬಹುದು. ಹಳೇ ಸಂಖ್ಯೆಯನ್ನೇ ನೆಚ್ಚಬೇಡಿ.

ಹುಬ್ಬಳ್ಳಿಯವರು ವಾರ್ಡ್ ಸಮಿತಿ ಅಂತ ಮಾತಾಡುತ್ತಾರೆ. ನಮ್ಮಲ್ಲಿ ಯಾಕಿಲ್ಲ?
– ಓದುಗರು, ಬೆಟಗೇರಿ

ಸಂವಿಧಾನದ 243ಎಸ್ ವಿಧಿ, ವಾರ್ಡಿನ ಕೆಲಸ ನೋಡಿಕೊಳ್ಳುವ ವಾರ್ಡ್ ಸಮಿತಿಯನ್ನು ಕಡ್ಡಾಯ ಮಾಡಿರುವುದು 3 ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆಯ ಊರುಗಳಿಗೆ. 2011ರ ಜನಗಣತಿಯಲ್ಲಿ ಹುಬ್ಬಳ್ಳಿ-ಧಾರವಾಡ 9 ಲಕ್ಷ ದಾಟಿದರೆ, ಗದಗ-ಬೆಟಗೇರಿ 2 ಲಕ್ಷದೊಳಗೇ ಇತ್ತು. ಹಾವೇರಿ ಇನ್ನೂ ಚಿಕ್ಕದು. ನಿಮಗಿರುವ ದಾರಿ ನಗರಸಭೆಯ ಬಜೆಟ್ ಪೂರ್ವಭಾವಿ ಸಭೆ. ಅಲ್ಲಿ ‘ಸುರಕ್ಷತೆ ಬೇಕು’ ಎಂದರೆ ಯಾರೂ ಬರೆದುಕೊಳ್ಳುವುದಿಲ್ಲ. ‘ಇಂಥ ದಾರಿಯ ಇಂಥ ತಿರುವಿನಲ್ಲಿ 4 ದೀಪ, ಇಂಥಲ್ಲಿ 60 ಅಡಿ ಗಟಾರದ ಮೇಲೆ ಹಾಸುಕಲ್ಲು’ ಎಂದು ಬರೆದು ಕೊಟ್ಟು, ಸ್ವೀಕೃತಿ ಪಡೆಯಿರಿ. ಎಂಜಿನಿಯರ್ ಅಂದಾಜುಪಟ್ಟಿ ಮಾಡಲು ಅಳತೆ ಬೇಕು.

ಓಣಿಯವರು ಸೇರಿ 4 ಸಿಸಿಟಿವಿ ಕ್ಯಾಮೆರಾ ಹಾಕಿಸುತ್ತಿದ್ದೇವೆ. 1 ಟಿಬಿ ಹಾರ್ಡ್‌ಡಿಸ್ಕ್ ಸಾಕು ಎನ್ನುತ್ತಾರೆ ಅಂಗಡಿಯವರು. ಹೌದೆ?
– ಓದುಗರು, ನವನಗರ, ಹುಬ್ಬಳ್ಳಿ

ಸಾಲದು. 2 ಮೆಗಾಪಿಕ್ಸೆಲ್ ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್‌ನಂತೆ ದಾಖಲಿಸಿದರೆ ದಿನಕ್ಕೆ ಸುಮಾರು 21.6 ಜಿಬಿ, ನಾಲ್ಕಕ್ಕೆ 86 ಜಿಬಿ. 1 ಟಿಬಿ ಹನ್ನೊಂದು-ಹನ್ನೆರಡು ದಿನಕ್ಕೆ ತುಂಬಿ, ಹಳೆಯದರ ಮೇಲೆ ಹೊಸದು ಬರೆಯಲು ಶುರು. ಊರಿಗೆ ಹೋದವರು ಹದಿನೈದು ದಿನ ಬಿಟ್ಟು ಬಂದು ಬೀಗ ಮುರಿದದ್ದನ್ನು ಕಂಡರೆ, ದೃಶ್ಯವೇ ಇರುವುದಿಲ್ಲ. 30 ದಿನ ಉಳಿಯಬೇಕೆಂದರೆ 4 ಟಿಬಿ ಹಾಕಿಸಿ.

ಕ್ಯಾಮೆರಾ 9ರಿಂದ 10 ಅಡಿ ಎತ್ತರದಲ್ಲಿರಲಿ. ಕಂಬದ ತುದಿಗೆ ಕಟ್ಟಿದರೆ ತಲೆಗೂದಲು ಕಾಣುತ್ತದೆ, ಮುಖ ಕಾಣುವುದಿಲ್ಲ. ಓಣಿಯ ಬಾಯಿಗೆ ನೇರ ಮುಖ ಮಾಡಿದರೆ ರಾತ್ರಿ ಹೆಡ್‌ಲೈಟಿಗೆ ಬಿಳುಚಿ ನಂಬರ್ ಪ್ಲೇಟ್ ಮಾಯ, ಸ್ವಲ್ಪ ಓರೆಯಾಗಿಡಿ. ದೃಶ್ಯ ದಾಖಲಿಸುವ ಪೆಟ್ಟಿಗೆಯಾದ ಡಿವಿಆರ್‌ಗೆ ಯುಪಿಎಸ್ ಕೊಡಿ, ಗಡಿಯಾರವನ್ನು ತಿಂಗಳಿಗೊಮ್ಮೆ ಸರಿಪಡಿಸಿ. ವೇಳೆ ತಪ್ಪಿದ್ದರೆ ಕೋರ್ಟಿನಲ್ಲಿ ಮೊದಲ ಪ್ರಶ್ನೆ ಅದೇ. ಕಳವಾದರೆ ಮೊಬೈಲಿನಿಂದ ಪರದೆಯ ವಿಡಿಯೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಹರಿಬಿಡುವುದು ಸಾಕ್ಷ್ಯವಲ್ಲ. ಮೂಲ ಡಿಸ್ಕ್ ಕಾಪಾಡಿ, ನಕಲು ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಬೇಕಾಗುತ್ತದೆ. ಡಿವಿಆರ್ ಯಾರ ಮನೆಯಲ್ಲಿದೆಯೋ ಅವರೇ ಸಹಿ ಮಾಡಬೇಕಾದೀತು, ಅವರಿಗೆ ಇದನ್ನು ಮೊದಲೇ ಹೇಳಿ. ಎದುರು ಮನೆಯ ಬಾಗಿಲು, ಪಡಸಾಲೆ ಕ್ಯಾಮೆರಾದಲ್ಲಿ ಬೀಳದಂತೆ ನೋಡಿಕೊಳ್ಳಿ. ಓಣಿಯ ಜಗಳ ಅಲ್ಲಿಂದಲೇ ಹುಟ್ಟುತ್ತದೆ.

ಪೊಲೀಸ್ ಚೌಕಿ ತರುತ್ತೇನೆ ಎನ್ನುವ ಅಭ್ಯರ್ಥಿಯನ್ನು ನಂಬಬಹುದೆ?
– ಓದುಗರು, ಹಾವೇರಿ

ಪೊಲೀಸ್ ಇಲಾಖೆ ರಾಜ್ಯ ಸರ್ಕಾರದ್ದು. ನಗರಸಭೆ ಸದಸ್ಯರು ಮನವಿ ಕೊಡಬಹುದು, ಆದೇಶ ಮಾಡಲಾರರು. ನಿಮ್ಮ ಜಿಲ್ಲೆಯಲ್ಲಿ ಅದು ಎಸ್‌ಪಿ ಕಚೇರಿಯ ವಿಷಯ. ಹುಬ್ಬಳ್ಳಿ-ಧಾರವಾಡದಲ್ಲಾದರೆ ಪೊಲೀಸ್ ಕಮಿಷನರ್‌ದು. ಅಭ್ಯರ್ಥಿಯ ಕೈಯಲ್ಲಿ ನಿಜವಾಗಿ ಆಗುವುದನ್ನು ಕೇಳಿ: ಖಾಲಿ ಸೈಟಿನ ಜಾಲಿ ಕಂಟಿ ತೆಗೆಸಲು ಮಾಲೀಕರಿಗೆ ನಗರಸಭೆಯಿಂದ ನೋಟಿಸ್ ಹೋಗುವಂತೆ ಮಾಡುತ್ತೀರಾ, ಬಾಯ್ದೆರೆದ ಗಟಾರ ಮುಚ್ಚಿಸುತ್ತೀರಾ? ಅವರ ಮೇಲಿನ ಕ್ರಿಮಿನಲ್ ಪ್ರಕರಣಗಳ ವಿವರ ನಾಮಪತ್ರದ ಜೊತೆಗಿನ ಪ್ರಮಾಣಪತ್ರದಲ್ಲಿ ಇರುತ್ತದೆ, ಚುನಾವಣಾಧಿಕಾರಿ ಕಚೇರಿಯಲ್ಲಿ ನೋಡಬಹುದು. ಗಸ್ತಿಗಾಗಿ ಠಾಣೆಗೆ ಹೋಗಿ ನಿಮ್ಮ ಬೀಟ್ ಪೊಲೀಸರ ಹೆಸರು, ಮೊಬೈಲ್ ನಂಬರ್ ಕೇಳಿ ಪಡೆಯಿರಿ. ಊರಿಗೆ ಹೋಗುವಾಗ ಅವರಿಗೆ ತಿಳಿಸಿ. ಅಪಾಯ ಕಣ್ಣೆದುರೇ ಇದ್ದಾಗ ಮಾತ್ರ ಸದಸ್ಯರಿಗೂ ಬೇಡ, ಬೀಟಿನವರಿಗೂ ಬೇಡ, ನೇರ 112ಕ್ಕೆ ಕರೆ ಮಾಡಿ.