ಗಾಡಿ ಮಾತು: ಅಗ್ಗದ ಕಾಲದ ಪದ್ಮಿನಿ, ಅಂಬಾಸಡರ್

(ಹಳೆಯ ಕಾರುಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಲ ಕುಮಟಾದ ಹಿರಿಯ ಗ್ಯಾರೇಜ್ ಮೇಸ್ತ್ರಿಯೊಬ್ಬರು ಉತ್ತರಿಸಿದ್ದಾರೆ.)

ಪ್ರಶ್ನೆ: ಮೇಸ್ತ್ರಿಗಳೇ, 1990ರ ದಶಕದ ಕೊನೆಯಲ್ಲಿ ನಮ್ಮ ಅಪ್ಪಯ್ಯ ಮನೆಯ ಪ್ರೀಮಿಯರ್ ಪದ್ಮಿನಿಯನ್ನು ಒಂದು ಒಳ್ಳೆಯ ಎಮ್ಮೆಯ ಬೆಲೆಗೆ ಕೊಟ್ಟುಬಿಟ್ಟರು. ಈಗ ಅಂಥದ್ದೇ ಗಾಡಿಗೆ ಬೆಂಗಳೂರಿನಲ್ಲಿ ಲಕ್ಷಗಟ್ಟಲೆ ಹೇಳುತ್ತಾರೆ. ಆಗ ಯಾಕೆ ಅಷ್ಟು ಅಗ್ಗ? ನಮ್ಮ ಕಡೆಯವರಿಗೆ ಬೆಲೆ ಗೊತ್ತಿರಲಿಲ್ಲವೇ?
– ಓದುಗರು, ಶಿರಸಿ ತಾಲೂಕು

ಉತ್ತರ: ಅಪ್ಪಯ್ಯನವರ ಮೇಲೆ ಬೇಸರ ಬೇಡ. ಆಗ ಪೇಟೆಯಲ್ಲಿ ಅದಕ್ಕೆ ಇದ್ದ ಬೆಲೆಯೇ ಅಷ್ಟು. ಅದಕ್ಕಿಂತ ಹೆಚ್ಚು ಕೊಡುವವರು ಹುಬ್ಬಳ್ಳಿಯಲ್ಲೂ ಸಿಗುತ್ತಿರಲಿಲ್ಲ.

ಆದರೆ ಈ ಗಾಡಿಗಳು ಮೊದಲಿಂದಲೂ ಅಗ್ಗ ಎಂದು ತಿಳಿಯಬೇಡಿ. 1960–70ರ ದಶಕಗಳಲ್ಲಿ ನಮ್ಮ ಕಣ್ಣಿಗೆ ಬೀಳುತ್ತಿದ್ದದ್ದು ಮುಖ್ಯವಾಗಿ ಮೂರು ಕಾರು: ಬಂಗಾಳದ ಉತ್ತರಪಾಡಾದಿಂದ ಬರುವ ಅಂಬಾಸಡರ್, ಮುಂಬೈ ಕುರ್ಲಾದ ಫಿಯೆಟ್ (ಇದಕ್ಕೇ ಮುಂದೆ ಪದ್ಮಿನಿ ಎಂಬ ಹೆಸರು ಬಂತು), ಮದ್ರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್. ಫಿಯೆಟ್ ಬುಕ್ ಮಾಡಿದವರು ವರ್ಷಗಟ್ಟಲೆ ಕಾಯಬೇಕಿತ್ತು. ಕಾಯಲಾಗದವರು ಓಡಿದ ಗಾಡಿಗೇ ಹೊಸದಕ್ಕಿಂತ ಹೆಚ್ಚು ಕೊಟ್ಟು ಒಯ್ದದ್ದುಂಟು. ಘಟ್ಟದ ಮೇಲಾಗಲಿ ಕೆಳಗಾಗಲಿ, ಕಾರು ಅಂದರೆ ಡಾಕ್ಟರು, ದೊಡ್ಡ ವಕೀಲರು, ಅಡಿಕೆ ಮಂಡಿಯ ಸಾಹುಕಾರರ ಅಂಗಳದ ವಸ್ತು.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಹೆರಾಲ್ಡ್ ಅಷ್ಟರಲ್ಲಿ ಕಂಪನಿಯಲ್ಲೇ ನಿಂತುಹೋಗಿತ್ತು; ಸಾಮಾನು ಸಿಗದ ಗಾಡಿ ಅಂತ ಜನ ಅದನ್ನು ಮುಟ್ಟುತ್ತಿರಲಿಲ್ಲ. ಪದ್ಮಿನಿ ಮಾತ್ರ ಇನ್ನೂ ಕೆಲವು ವರ್ಷ ಮರ್ಯಾದೆ ಉಳಿಸಿಕೊಂಡಿತು. ಅದರ ಬೆಲೆ ಪೂರ್ತಿ ಕುಸಿದದ್ದು 1991ರ ನಂತರ ಹೊಸ ಕಂಪನಿಗಳು ಒಳಗೆ ಬಂದು, ಬ್ಯಾಂಕಿನವರು ಕಾರಿಗೆ ಸಾಲ ಕೊಡಲು ಶುರುಮಾಡಿದ ಮೇಲೆ. 1998ರಲ್ಲಿ ಸ್ಯಾಂಟ್ರೊ, ಇಂಡಿಕಾ ಬಂದವು. ಕುರ್ಲಾದಲ್ಲಿ ಪದ್ಮಿನಿ ಇನ್ನೂ ತಯಾರಾಗುತ್ತಿದ್ದಾಗಲೇ ಹಳೇ ಪದ್ಮಿನಿಯನ್ನು ಕೇಳುವವರಿರಲಿಲ್ಲ. 15–20 ಸಾವಿರಕ್ಕೆ ಓಡುವ ಗಾಡಿ ಸಿಗುತ್ತಿತ್ತು, ಬ್ಯಾಟರಿ ಹೊಸದು ಹಾಕಿಸಿಕೊಡಿ ಎಂದು ಚೌಕಾಶಿ ಬೇರೆ!

ಆ ಕಾಲವೇ ಈ ಗಾಡಿಗಳ ಒಳ್ಳೆಯ ಕಾಲ ಎಂದು ನಾನು ನಂಬಿದ್ದೇನೆ. ಯಾಕೆಂದರೆ ಆಗ ಅವು ಸಾಹುಕಾರರ ಅಂಗಳ ಬಿಟ್ಟು ಮಾಸ್ತರರ, ಟೇಲರರ, ಮೀನು ವ್ಯಾಪಾರಿಗಳ ಮನೆಗೆ ಬಂದವು. ನಮ್ಮ ಗ್ಯಾರೇಜಿಗೆ ಬರುತ್ತಿದ್ದ ಪ್ರಾಥಮಿಕ ಶಾಲೆಯ ಮಾಸ್ತರರೊಬ್ಬರ ಬಳಿ ಹುಬ್ಬಳ್ಳಿಯಿಂದ ತಂದ ಬೂದು ಬಣ್ಣದ ಪದ್ಮಿನಿ ಇತ್ತು. ಗೇರ್ ಕಡ್ಡಿ ಸ್ಟೇರಿಂಗ್ ಪಕ್ಕದಲ್ಲೇ ಇದ್ದದ್ದರಿಂದ ಮುಂದಿನ ಉದ್ದ ಸೀಟಿನಲ್ಲಿ ಮೂವರು ಆರಾಮಾಗಿ ಕೂರಬಹುದಿತ್ತು. ಅವರು, ಅವರ ಮನೆಯವರು, ನಡುವೆ ಮಗ. ಹಿಂದೆ ಅಕ್ಕ-ಭಾವ, ಮಕ್ಕಳು. ಮುಂದಿನ ಬಾಗಿಲಿನ ತ್ರಿಕೋನದ ಗಾಜು ಒಳಮುಖ ತಿರುಗಿಸಿದರೆ ಗಾಳಿ ನೇರ ಮುಖಕ್ಕೆ ಬರುತ್ತಿತ್ತು. ಶಿರಸಿ ಮಾರಿಕಾಂಬೆ ಜಾತ್ರೆಗೆ ಹೊರಟರೆ ಆ ಮನೆಯಲ್ಲಿ ಬಸ್ಸಿನ ಚಿಂತೆಯೇ ಇಲ್ಲ. ಪಾಯಿಂಟಿನ (ಪ್ಲಗ್ಗಿನಲ್ಲಿ ಕಿಡಿ ಹಾರಿಸಲು ಕರೆಂಟನ್ನು ಕಡಿದು ಬಿಡುವ ಸಣ್ಣ ಸ್ವಿಚ್ಚಿನ) ಗ್ಯಾಪ್ ಹೊಂದಿಸಲು ಮಾಸ್ತರರು ಹಳೇ ಲಗ್ನಪತ್ರಿಕೆಯ ತುಂಡೊಂದನ್ನು ಡ್ಯಾಶ್‌ಬೋರ್ಡಿನಲ್ಲಿ ಇಟ್ಟುಕೊಂಡಿರುತ್ತಿದ್ದರು. ಪಾಯಿಂಟಿನ ನಡುವೆ ಅದು ಬಿಗಿಯಾಗಿ ಜಾರಿದರೆ ಗ್ಯಾಪ್ ಸರಿ. ಇಂಥ ಕೆಲಸವನ್ನು ನಾವೇ ಕಲಿಸಿಕೊಡುತ್ತಿದ್ದೆವು. ಗೀರು ಬಿದ್ದರೆ ಬೀಳಲಿ ಎಂದು ತೋಟದ ದಾರಿಯಲ್ಲೂ ಇಳಿಸುತ್ತಿದ್ದರು, ಡಿಕ್ಕಿಯಲ್ಲಿ ತೆಂಗಿನಕಾಯಿ ಚೀಲ ತುಂಬುತ್ತಿದ್ದರು.

ಈಗ ಬೆಲೆ ಏರಲು ಕಾರಣ ಸುಲಭ: ಉಳಿದದ್ದು ಕಡಿಮೆ. ಬಹುಪಾಲು ಗಾಡಿಗಳನ್ನು ಗುಜರಿಯವರು ತೂಕಕ್ಕೆ ಒಯ್ದರು. ಮುಂಬೈಯ ಪದ್ಮಿನಿ ಟ್ಯಾಕ್ಸಿಗಳೂ 2023ರ ಅಕ್ಟೋಬರಿಗೆ ಮುಗಿದವು. ಲಕ್ಷ ಕೊಟ್ಟವರು ಗಾಡಿಗೆ ಹೊದಿಕೆ ಹಾಕಿ ಇಡುತ್ತಾರೆ, ಮಳೆಗೆ ಹೊರಗೆ ತೆಗೆಯುವುದಿಲ್ಲ. ಅವರ ಪ್ರೀತಿ ನನಗೆ ಅರ್ಥವಾಗುತ್ತದೆ, ಆದರೂ ಪದ್ಮಿನಿಯನ್ನು ಹಾಗೆ ನೋಡಲು ಸಂಕಟವಾಗುತ್ತದೆ. ನೀವು ಮತ್ತೆ ಕೊಳ್ಳುವುದಾದರೆ ಓಡಿಸುವುದಕ್ಕೇ ಕೊಳ್ಳಿ. ಬಣ್ಣ ಮಾಸಿದ್ದರೂ ಅಡ್ಡಿಯಿಲ್ಲ, ನೆಲದ ತಗಡು ಗಟ್ಟಿ ಇರುವ ಗಾಡಿ ಆರಿಸಿ.

ಪ್ರಶ್ನೆ: ನಮ್ಮ ಅಜ್ಜನ ಪೆಟ್ರೋಲ್ ಅಂಬಾಸಡರ್ ಕೊಟ್ಟಿಗೆಯಲ್ಲಿ ನಿಂತು ವರ್ಷಗಳಾದವು. ಅಜ್ಜ ತೀರಿಹೋದರು. ಬ್ರೋಕರ್ ಒಬ್ಬರು ಗುಜರಿ ಬೆಲೆ ಹೇಳುತ್ತಿದ್ದಾರೆ. ಕೊಡಲೋ, ರಿಪೇರಿ ಮಾಡಿಸಲೋ?
– ಓದುಗರು, ಅಂಕೋಲಾ

ಉತ್ತರ: ಬ್ರೋಕರಿಗೆ ಸ್ವಲ್ಪ ಕಾಯಲು ಹೇಳಮ್ಮ. ಎಂಜಿನ್ ಜಾಮ್ ಆಗಿದೆ ಎಂದರೆ ಹೆದರಬೇಡ, ಅದನ್ನು ಸರಿಮಾಡಬಹುದು. ಕರಾವಳಿಯಲ್ಲಿ ಗಾಡಿಯನ್ನು ತಿನ್ನುವುದು ಉಪ್ಪುಗಾಳಿ. ಅಂಬಾಸಡರಿಗೂ ಪದ್ಮಿನಿಗೂ ಲಾರಿಯ ಹಾಗೆ ಬಾಡಿಯ ಅಡಿಗೆ ಬೇರೆ ಚಾಸಿ (ಕಬ್ಬಿಣದ ಚೌಕಟ್ಟು) ಇಲ್ಲ; ನೆಲದ ತಗಡು, ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಪಟ್ಟಿ ಇವೇ ಗಾಡಿಯ ಬೆನ್ನೆಲುಬು. ಅಲ್ಲಿ ತುಕ್ಕು ಹಿಡಿದರೆ ಮೇಲೆ ಎಷ್ಟು ಬಣ್ಣ ಹೊಡೆದರೂ ವ್ಯರ್ಥ. (ಹೆರಾಲ್ಡಿಗೆ ಬೇರೆ ಚಾಸಿ ಉಂಟು, ಬಾಡಿಯನ್ನು ಬೋಲ್ಟ್ ಬಿಚ್ಚಿ ಭಾಗ ಭಾಗವಾಗಿ ಇಳಿಸಬಹುದು. ನಮ್ಮ ಕಡೆಗೆ ಅದೇ ಸರಿಯಾದ ಗಾಡಿಯಾಗಿತ್ತು ಎಂದು ಈಗಲೂ ಅನ್ನಿಸುತ್ತದೆ.)

ಮ್ಯಾಟ್ ತೆಗೆದು ಸ್ಕ್ರೂಡ್ರೈವರಿನಿಂದ ನೆಲವನ್ನು ಒತ್ತಿ ನೋಡು. ಟಣ್ ಎಂದರೆ ತಗಡು ಇದೆ, ಒಳಗೆ ಹೋದರೆ ಇಲ್ಲ. ಬಾಗಿಲ ಕೆಳಗಿನ ಪಟ್ಟಿಗೆ ಅಯಸ್ಕಾಂತ ಹಿಡಿ; ಅಂಟದಿದ್ದರೆ ಅಲ್ಲಿರುವುದು ಬರೀ ಪುಟ್ಟಿ. ಚಕ್ರದ ಮೇಲಿನ ಕಮಾನಿನಲ್ಲಿ ಮೆತ್ತಿದ ಕೆಂಪು ಮಣ್ಣನ್ನು ಕೆರೆದು ತೆಗೆ, ಮಳೆಗಾಲದ ನೀರು ಅಲ್ಲೇ ನಿಲ್ಲುವುದು. ಈ ಮೂರು ಕಡೆ ಮುಕ್ಕಾಲು ಪಾಲು ಗಟ್ಟಿ ಇದ್ದರೆ ರಿಪೇರಿ ಮಾಡಿಸು. ಅಂಬಾಸಡರ್ 2014ರವರೆಗೂ ತಯಾರಾದ ಗಾಡಿ, ಹುಡುಕಿದರೆ ಸಾಮಾನು ಸಿಗುತ್ತದೆ.

ಸೆಲ್ಫ್ ಹೊಡೆಯಲು ಮಾತ್ರ ಯಾರನ್ನೂ ಬಿಡಬೇಡ. ಮೊದಲು ಪ್ಲಗ್ ಬಿಚ್ಚಿ ಸಿಲಿಂಡರಿಗೆ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟು ಒಂದೆರಡು ದಿನ ಇಡಬೇಕು, ಆಮೇಲೆ ಹ್ಯಾಂಡಲ್ ಹಾಕಿ ಕೈಯಲ್ಲಿ ನಿಧಾನ ತಿರುಗಿಸಬೇಕು. ಟ್ಯಾಂಕಿನ ಹಳೇ ಪೆಟ್ರೋಲ್ ಚೆಲ್ಲಿಸಿ, ರಬ್ಬರ್ ಪೈಪುಗಳನ್ನೆಲ್ಲ ಬದಲಿಸು. ಈಗಿನ ಎಥನಾಲ್ ಬೆರೆತ ಪೆಟ್ರೋಲ್ ಹಳೇ ರಬ್ಬರನ್ನು ಹಾಳುಮಾಡುತ್ತದೆ.

ಕಾಗದಪತ್ರ: ಆರ್‌ಸಿ ಅಜ್ಜನ ಹೆಸರಿನಲ್ಲಿದ್ದರೆ ವಾರಸುದಾರರು ಫಾರ್ಮ್ 31 ಕೊಟ್ಟು ವರ್ಗ ಮಾಡಿಸಿಕೊಳ್ಳಬೇಕು, ನವೀಕರಣಕ್ಕೆ ಫಾರ್ಮ್ 25. 20 ವರ್ಷ ದಾಟಿದ ಕಾರಿನ ನವೀಕರಣ ಶುಲ್ಕ 2025ರಲ್ಲಿ 10,000 ರೂಪಾಯಿಗೆ ಏರಿದೆ. ಭಾರವೇ, ಸುಳ್ಳಲ್ಲ. 50 ವರ್ಷ ದಾಟಿದ ಗಾಡಿಯನ್ನು 2021ರ ನಿಯಮದಂತೆ ವಿಂಟೇಜ್ ಎಂದು ನೋಂದಾಯಿಸಬಹುದು, ಶುಲ್ಕ 20,000. ಆದರೆ ಅಂಥ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ. ಅಜ್ಜನ ಗಾಡಿಯಲ್ಲಿ ಪೇಟೆಗೆ ಹೋಗಿಬರುವ ಆಸೆಯಿದ್ದರೆ ಸಾಮಾನ್ಯ ನವೀಕರಣವನ್ನೇ ಮಾಡಿಸು.

ಪ್ರಶ್ನೆ: ಕಾಳಿ ನದಿಗೆ ಸೇತುವೆ ಆಗುವ ಮುಂಚೆ ಸದಾಶಿವಗಡದ ಕಡೆಯಿಂದ ಬಾರ್ಜಿನಲ್ಲಿ ದೊಡ್ಡ ವಿದೇಶಿ ಕಾರುಗಳು ಕಾರವಾರಕ್ಕೆ ಬರುತ್ತಿದ್ದವು ಎಂದು ನಮ್ಮ ತಂದೆ ಹೇಳುತ್ತಾರೆ. ನಿಜವೇ? ಈಗ ಗೋವಾದಲ್ಲಿ ಅಂಥ ಗಾಡಿ ಕೊಳ್ಳಬಹುದೇ?
– ಓದುಗರು, ಕಾರವಾರ

ಉತ್ತರ: ತಂದೆಯವರ ಮಾತನ್ನು ನಂಬಿ. 1961ರ ಡಿಸೆಂಬರಿನವರೆಗೆ ಗೋವಾ ಪೋರ್ತುಗೀಸರ ಕೈಯಲ್ಲಿತ್ತು. ನಮ್ಮಲ್ಲಿ ವಿದೇಶಿ ಕಾರಿಗೆ ಕಟ್ಟುನಿಟ್ಟು ಇದ್ದಾಗ ಅಲ್ಲಿ ಅದಿರಿನ ದುಡ್ಡಿಗೆ ಜರ್ಮನಿ, ಇಂಗ್ಲೆಂಡಿನ ಗಾಡಿಗಳು ಹಡಗಿನಲ್ಲಿ ಬಂದಿಳಿಯುತ್ತಿದ್ದವು. ಡೀಸೆಲ್ ಮರ್ಸಿಡಿಸ್ ಅಲ್ಲಿ ಟ್ಯಾಕ್ಸಿಯಾಗಿ ಓಡುತ್ತಿತ್ತು. ವಯಸ್ಸಾದ ಮೇಲೆ ಸಾಮಾನು ಸಿಗದೆ ಅವೂ ಅಗ್ಗವಾದವು. ಈಗ ಕೊಳ್ಳುವುದಾದರೆ ಮೊದಲು ಆರ್‌ಸಿಯಲ್ಲಿರುವ ಚಾಸಿ ನಂಬರನ್ನು ಗಾಡಿಯ ಮೇಲಿನ ನಂಬರಿನ ಜೊತೆ ಅಕ್ಷರಕ್ಕೆ ಅಕ್ಷರ ತಾಳೆ ನೋಡಿ. ಆಮೇಲೆ ಗೋವಾ ಆರ್‌ಟಿಒದ ಎನ್‌ಒಸಿ (ಗಾಡಿಯನ್ನು ಬೇರೆ ರಾಜ್ಯಕ್ಕೆ ಒಯ್ಯಲು ಆಕ್ಷೇಪವಿಲ್ಲ ಎಂಬ ಪತ್ರ), ಇಲ್ಲಿ ಕಟ್ಟಬೇಕಾದ ತೆರಿಗೆ. ಎನ್‌ಒಸಿ ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ.

ಪ್ರಶ್ನೆ: ಬೇಸಿಗೆಯಲ್ಲಿ ದೇವಿಮನೆ ಘಟ್ಟ ಹತ್ತುವಾಗ ನನ್ನ ಪದ್ಮಿನಿ ಬಂದ್ ಬೀಳುತ್ತದೆ. ತಣ್ಣಗಾದ ಮೇಲೆ ತಾನೇ ಸ್ಟಾರ್ಟ್ ಆಗುತ್ತದೆ.
– ಓದುಗರು, ಕುಮಟಾ

ಉತ್ತರ: ಎಂಜಿನ್ ಬಿಸಿಗೆ ಪೆಟ್ರೋಲ್, ಅದನ್ನು ಟ್ಯಾಂಕಿನಿಂದ ಎಳೆದು ಕಳಿಸುವ ಪಂಪಿನಲ್ಲೇ ಆವಿಯಾಗಿ ಗುಳ್ಳೆ ಕಟ್ಟುತ್ತದೆ, ಕಾರ್ಬೊರೇಟರಿಗೆ ಪೆಟ್ರೋಲ್ ತಲುಪುವುದಿಲ್ಲ. ಬಾನೆಟ್ ಎತ್ತಿ, ಎಂಜಿನ್ ಸ್ವಲ್ಪ ಆರಿದ ಮೇಲೆ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ. ಸ್ವಲ್ಪ ಹೊತ್ತಿಗೆ ಹೊರಡುತ್ತದೆ. ಪದೇ ಪದೇ ಆದರೆ ರೇಡಿಯೇಟರ್ ಕ್ಲೀನ್ ಮಾಡಿಸಿ, ಫ್ಯಾನ್ ಬೆಲ್ಟ್ ಬಿಗಿ ಮಾಡಿಸಿ, ಪೆಟ್ರೋಲ್ ಪೈಪು ಸೈಲೆನ್ಸರ್ ಪೈಪಿನ ಹತ್ತಿರ ಹೋಗಿದ್ದರೆ ದೂರ ಸರಿಸಿ. ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ ಎಂಟರೊಳಗೆ ಘಟ್ಟ ಹತ್ತುವುದು ಒಳ್ಳೆಯದು.