ಏನೂ ನಡೆಯಲಿಲ್ಲ ಎಂದು ಬರೆದ ಓದುಗರಿಗೆ

ನಮ್ಮ ಮಾತು ನಂಬಿ ಜಾರ್ಜ್ ಎಲಿಯಟ್ ಬರೆದ 'ಮಿಡಲ್‌ಮಾರ್ಚ್' ಕಾದಂಬರಿ ತಂದಿರಿ. ನೂರು ಪುಟ ಓದಿದರೂ ಏನೂ ನಡೆಯಲಿಲ್ಲ, ನಾಯಕಿ ಡೊರೊಥಿಯಾ ಹೋಗಿ ಹೋಗಿ ಆ ಒಣ ಪಂಡಿತ ಕಸಾಬನ್‌ನನ್ನು ಮದುವೆಯಾದಾಗ ಪುಸ್ತಕ ಮುಚ್ಚಿಟ್ಟೆ ಎಂದು ಬರೆದಿದ್ದೀರಿ. 1830ರ ಹೊತ್ತಿನ ಇಂಗ್ಲೆಂಡಿನ ಒಂದು ಊರಿನ ಸುದ್ದಿ ನಮಗ್ಯಾಕೆ ಎಂದೂ ಕೇಳಿದ್ದೀರಿ.

ಶುರುವಿನ ಪುಟಗಳು ನಿಧಾನ, ನಿಜ. 1871ರ ಡಿಸೆಂಬರಿನಿಂದ ಒಂದು ವರ್ಷ, ಎಂಟು ಕಂತುಗಳಲ್ಲಿ ಬಂದ ಪುಸ್ತಕ ಅದು. ನೀವೂ ಸ್ವಲ್ಪ ಸ್ವಲ್ಪ ಓದಿ. ಆದರೆ ಏನೂ ನಡೆಯಲ್ಲ ಅನ್ನೋದನ್ನು ನಾನು ಒಪ್ಪುವುದಿಲ್ಲ. ದಯವಿಟ್ಟು 24ನೇ ಅಧ್ಯಾಯದವರೆಗೆ ಬನ್ನಿ.

ಅಲ್ಲಿ ಗಾರ್ತ್ ಅವರ ಹೆಂಡತಿ ಅಡುಗೆಮನೆಯಲ್ಲಿದ್ದಾಳೆ. ಅಂಗಿಯ ತೋಳು ಮೊಣಕೈ ಮೇಲಕ್ಕೆ ಮಡಚಿ, ಲಟ್ಟಣಿಗೆ ಹಿಡಿದು ಹಿಟ್ಟು ಲಟ್ಟಿಸುತ್ತಿದ್ದಾಳೆ. ಎದುರಿಗೆ ಸ್ಲೇಟು ಹಿಡಿದು ನಿಂತ ಮಕ್ಕಳಿಗೆ ವ್ಯಾಕರಣ ಪಾಠವೂ ನಡೆದಿದೆ. ಆಗ ಆ ಊರಿನ ಯುವಕ ಫ್ರೆಡ್ ವಿನ್ಸಿ ಬರುತ್ತಾನೆ. ಅವನ 160 ಪೌಂಡ್ ಸಾಲಕ್ಕೆ ಅವಳ ಗಂಡ ಕೇಲಬ್ ಜಾಮೀನು ನಿಂತಿದ್ದಾನೆ, ಅದೂ ಹೆಂಡತಿಗೆ ಹೇಳದೆ. ಫ್ರೆಡ್ ಕೈಯಲ್ಲಿರುವುದು 50 ಮಾತ್ರ. ಮಗ ಆಲ್‌ಫ್ರೆಡ್‌ನನ್ನು ಕೆಲಸ ಕಲಿಯಲು ಸೇರಿಸಬೇಕೆಂದು ಆಕೆ 92 ಪೌಂಡ್ ಕೂಡಿಟ್ಟಿದ್ದಾಳೆ. ಅದನ್ನು ಕೊಡಲೇಬೇಕು. ಅವಳು ಕೂಗಾಡುವುದಿಲ್ಲ. ಫ್ರೆಡ್‌ಗೆ ಅಲ್ಲಿವರೆಗೆ ತನ್ನ ಮರ್ಯಾದೆ ಹೋಗುತ್ತಲ್ಲ ಎಂಬ ಚಿಂತೆಯೇ ಜಾಸ್ತಿ ಇತ್ತು. ತನ್ನಿಂದ ಇನ್ನೊಂದು ಮನೆಯ ಹುಡುಗನ ದಾರಿ ಕಟ್ಟಾಯಿತು ಅಂತ ಅವನಿಗೆ ಹೊಳೆಯುವುದೇ ಆಗ. ಈ ಪುಟಗಳನ್ನು ಎಷ್ಟು ಸಲ ಓದಿದ್ದೇನೋ, ಪ್ರತಿ ಸಲವೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಇದು ನಡೆಯುವುದಲ್ಲದೆ ಇನ್ನೇನು?

ಡಾಕ್ಟರ್ ಲಿಡ್‌ಗೇಟ್ ಕಥೆಯೂ ಹೀಗೇ. ಹೊಸ ವೈದ್ಯಶಾಸ್ತ್ರದ ಕನಸು ಹೊತ್ತು ಬಂದವನು ಸಾಲ, ಸಂಸಾರ, ಊರಿನವರ ಅನುಮಾನ ಇವುಗಳಲ್ಲಿ ಸಿಕ್ಕಿ ಸೋಲುತ್ತಾನೆ.

ಜಾರ್ಜ್ ಎಲಿಯಟ್ ಗಂಡಸು ಎಂದುಕೊಂಡು ಬರೆದಿದ್ದೀರಿ. ಅದು ಮೇರಿ ಆ್ಯನ್ ಇವಾನ್ಸ್ ಇಟ್ಟುಕೊಂಡ ಹೆಸರು. ಆಕೆಯ ತಂದೆ ವಾರಿಕ್‌ಶೈರಿನಲ್ಲಿ ದೊಡ್ಡವರ ಜಮೀನು ನೋಡಿಕೊಳ್ಳುತ್ತಿದ್ದವರು. ಕೇಲಬ್‌ನದೂ ಅದೇ ಕೆಲಸ. ಆ ಮನೆ ಅಷ್ಟು ಜೀವಂತವಾಗಿರುವುದು ಸುಮ್ನೆ ಅಲ್ಲ.

ಫ್ರೆಡ್ ಸಾಲದಲ್ಲಿ ಉಳಿದ 18 ಪೌಂಡ್ ಎಲ್ಲಿಂದ ಬಂತು ಎನ್ನುವಿರಾ? ಕೇಲಬ್ ತನ್ನ ಮಗಳು ಮೇರಿಯ ಹತ್ತಿರ ಹೋಗುತ್ತಾನೆ. ಆಕೆ ಬೇರೆಯವರ ಮನೆಯಲ್ಲಿ ದುಡಿಯುವವಳು. ಅಪ್ಪ ಬಂದೇ ಬರುತ್ತಾನೆ ಎಂದು ಅವಳಿಗೆ ಮೊದಲೇ ಗೊತ್ತು. ದುಡ್ಡನ್ನು ಚೀಲದಲ್ಲಿ ಹಾಕಿಟ್ಟುಕೊಂಡೇ ಕಾದಿರುತ್ತಾಳೆ.