ಹಾಸನದಲ್ಲಿ ಎಂ.ಎಸ್ಸಿ. ಓದ್ತಿದ್ದೇನೆ. ಬ್ಯಾಕ್ಟೀರಿಯಾ ವರ್ಗೀಕರಣಕ್ಕೆ ಭವಿಷ್ಯ ಇದೆಯಾ? ಈಗ ಹೆಸರನ್ನೂ ಸೀಕ್ವೆನ್ಸಿಂಗ್ ಯಂತ್ರವೇ ಹೇಳುತ್ತಲ್ಲ?

ನಾನೂ ಹಾಸನದಲ್ಲೇ ಓದಿ, ಇದೇ ಗೊಂದಲ ಹೊತ್ತುಕೊಂಡು ಈ ಕೆಲಸಕ್ಕೆ ಬಂದವನು. ಯಂತ್ರ ಹೆಸರು ಹೇಳುತ್ತೆ ಅನ್ನೋದನ್ನ ಮೊದಲು ಮನಸ್ಸಿಂದ ತೆಗೆದುಹಾಕಿ. ಅದು ಡಿಎನ್‌ಎ ಅಕ್ಷರಗಳ ಅನುಕ್ರಮ ಓದುತ್ತೆ, ಅಷ್ಟೇ. ಎಲ್ಲ ಬ್ಯಾಕ್ಟೀರಿಯಾದಲ್ಲೂ ಇರುವ 16ಎಸ್ ಜೀನಿನ ಸುಮಾರು 1500 ಬೇಸ್ (ಅಕ್ಷರ) ಗೊತ್ತಿರುವ ಪ್ರಭೇದಗಳ ಜೊತೆ ಹೋಲಿಸಿ ಸಾಮ್ಯ 98.65%ಕ್ಕಿಂತ ಕಡಿಮೆ ಬಂದರೆ ಹೊಸ ಪ್ರಭೇದದ ಅನುಮಾನ. ಹೆಚ್ಚು ಬಂದರೂ ಹಳೆಯದೇ ಅಂತ ಹೇಳೋ ಹಾಗಿಲ್ಲ. ಪೂರ್ತಿ ಜೀನೋಮ್ ಹೋಲಿಸಿದಾಗ ಎಎನ್‌ಐ (ಎರಡು ಜೀನೋಮ್‌ಗಳ ಸರಾಸರಿ ಸಾಮ್ಯ) 95%ಕ್ಕಿಂತ, ಡಿಜಿಟಲ್ ಡಿಎನ್‌ಎ ಹೈಬ್ರಿಡೈಸೇಷನ್ (ಕಂಪ್ಯೂಟರಲ್ಲಿ ಲೆಕ್ಕ ಹಾಕುವ ಇನ್ನೊಂದು ಸಾಮ್ಯದ ಅಳತೆ) 70%ಕ್ಕಿಂತ ಕೆಳಗಿದ್ದರೆ ಹೊಸ ಪ್ರಭೇದ ಅನ್ನೋ ಮಾತು ಗಟ್ಟಿ.

ಇದೆಲ್ಲ ನೀರಲ್ಲಿ ಹೋಮ ಆಗೋದು ಒಂದೇ ತಪ್ಪಿಂದ: ಕಲ್ಚರ್ (ಪ್ಲೇಟಲ್ಲಿ ಬೆಳೆಸಿದ ಬ್ಯಾಕ್ಟೀರಿಯಾ) ಶುದ್ಧವಾಗೋ ಮೊದಲೇ ಸೀಕ್ವೆನ್ಸಿಂಗಿಗೆ ಕಳಿಸೋದು. ಉದಾಹರಣೆಗೆ, ಚಿಕ್ಕಮಗಳೂರಿನ ಕಾಫಿ ತೋಟದ ಮಣ್ಣು ಹುಳಿ. ಅದನ್ನ ಪಿಎಚ್ 7ರ ನ್ಯೂಟ್ರಿಯೆಂಟ್ ಅಗರ್‌ಗೆ (ಬ್ಯಾಕ್ಟೀರಿಯಾ ಬೆಳೆಸೋ ಮಾಮೂಲಿ ಮಾಧ್ಯಮ) ಹಾಕಿದರೆ ಬೇಗ ಬೆಳೆಯೋ ಬ್ಯಾಸಿಲಸ್‌ಗಳೇ ಪ್ಲೇಟ್ ತುಂಬಿಕೊಳ್ಳುತ್ತವೆ. ಆರ್‌2ಎ (ಪೋಷಕಾಂಶ ಕಡಿಮೆಯಿರುವ ಅಗರ್) ತಗೊಳ್ಳಿ, ಪಿಎಚ್ 5.5ಕ್ಕೆ ತನ್ನಿ, 28 ಡಿಗ್ರಿಯಲ್ಲಿ ಎರಡು ವಾರ ಬಿಡಿ. (5ಕ್ಕಿಂತ ಇಳಿಸಿ ಆಟೋಕ್ಲೇವ್ ಮಾಡಬೇಡಿ, ಅಗರ್ ಸರಿಯಾಗಿ ಗಟ್ಟಿಯಾಗಲ್ಲ.) ಲೋಳೆ ಇರುವ ಕಾಲೊನಿ ಎರಡನೇ ದಿನ ಒಂದೇ ಜಾತಿ ಅನ್ನೋ ಹಾಗೆ ಕಾಣುತ್ತೆ. ಏಳನೇ ದಿನ ಲೆನ್ಸ್ ಹಿಡಿದು ನೋಡಿ: ಅದರ ಅಂಚಲ್ಲಿ ಸೂಜಿಮೊನೆಯಷ್ಟು ಇನ್ನೊಂದು ಎದ್ದಿರುತ್ತೆ. ಲೋಳೆಯೊಳಗೆ ಅಂಟಿಕೊಂಡಿದ್ದು ಲೂಪ್ (ತಂತಿ ಕುಣಿಕೆ) ಎಳೆದ ಗೆರೆಗೆ ಬಿಡಿಸಿಕೊಳ್ಳಲ್ಲ. ಕಾಲೊನಿಯನ್ನ 0.85% ಸಲೈನಲ್ಲಿ ಕದಡಿ, ವೋರ್ಟೆಕ್ಸ್ ಮಾಡಿ, ಆಮೇಲೆ ಸ್ಟ್ರೀಕ್ ಮಾಡಿ (ಹೊಸ ಪ್ಲೇಟಲ್ಲಿ ಗೆರೆ ಎಳೆಯಿರಿ). ಕಡೇಪಕ್ಷ ಮೂರು ಸುತ್ತು. ಪ್ರತಿ ಸುತ್ತಿಗೂ ಗ್ರಾಂ ಸ್ಟೇನ್ (ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡೋದು), ಪ್ರತಿ ಸುತ್ತಿಗೂ ವಾರದ ಕಾಯುವಿಕೆ. ಇಲ್ಲಿ ಅವಸರ ಮಾಡಿದರೆ ಸೀಕ್ವೆನ್ಸಿಂಗಿನ ಕ್ರೊಮ್ಯಾಟೋಗ್ರಾಮಲ್ಲಿ (ಅನುಕ್ರಮದ ನಕ್ಷೆ) ಒಂದರ ಮೇಲೊಂದು ಪೀಕ್ ಬರುತ್ತೆ, ಜೀನೋಮಲ್ಲಿ ಎರಡು ಜೀವಿಗಳ ಜೀನ್ ಬೆರೆಯುತ್ತೆ, 20% ಗ್ಲಿಸರಾಲಲ್ಲಿ ಮೈನಸ್ 80ಕ್ಕಿಟ್ಟ ಸ್ಟಾಕೂ ಬೆರಕೆಯೇ. ವಾಪಸ್ ಹೋಗೋಕೆ ಶುದ್ಧವಾದದ್ದು ಎಲ್ಲೂ ಉಳಿದಿರಲ್ಲ.

ಇನ್ನು ಕೆಲಸ. ‘ಟ್ಯಾಕ್ಸಾನಮಿಸ್ಟ್ ಬೇಕು’ ಅನ್ನೋ ಜಾಹೀರಾತು ಹುಡುಕುತ್ತ ಕೂರಬೇಡಿ. ನೆಟ್-ಜೆಆರ್‌ಎಫ್ (ಸಂಶೋಧನಾ ವೇತನದ ರಾಷ್ಟ್ರೀಯ ಪರೀಕ್ಷೆ) ಬರೆಯಿರಿ, ಪುಣೆಯ ಎನ್‌ಸಿಎಂಆರ್, ಚಂಡೀಗಢದ ಎಂಟಿಸಿಸಿಯಂಥ ಕಲ್ಚರ್ ಸಂಗ್ರಹಗಳ ಪ್ರಾಜೆಕ್ಟ್ ಹುದ್ದೆ ಗಮನಿಸಿ. ಶುದ್ಧ ಕಲ್ಚರ್ ತೆಗೆದು ಗುರುತಿಸಬಲ್ಲವರು ಔಷಧ ಕಂಪನಿಗೂ ಬೇಕು, ಡೈರಿಗೂ ಬೇಕು.

ಸ್ಯಾಂಪಲ್ ತೆಗೆಯುವಾಗಲೇ ಜಾಗ, ದಿನಾಂಕ, ಮಣ್ಣಿನ ಪಿಎಚ್ ಬರೆದಿಡಿ. ಐಸಿಎನ್‌ಪಿ (ಬ್ಯಾಕ್ಟೀರಿಯಾಕ್ಕೆ ಹೆಸರಿಡೋ ಅಂತಾರಾಷ್ಟ್ರೀಯ ಸಂಹಿತೆ) ನಿಯಮದಂತೆ ಹೊಸ ಹೆಸರು ಮಾನ್ಯವಾಗಬೇಕಾದರೆ ಟೈಪ್ ಸ್ಟ್ರೇನ್ (ಆ ಹೆಸರಿಗೆ ಆಧಾರವಾದ ಮೂಲ ಕಲ್ಚರ್) ಎರಡು ಬೇರೆ ದೇಶಗಳ ಸಂಗ್ರಹಗಳಲ್ಲಿ ಇರಬೇಕು. ಹೊರದೇಶಕ್ಕೆ ಕಳಿಸೋಕೆ 2002ರ ಜೀವವೈವಿಧ್ಯ ಕಾಯ್ದೆ ಅಡ್ಡ ಬರುತ್ತೆ, ಹಾಗಾಗಿ ಆ ಕಾಗದಪತ್ರವನ್ನ ಪ್ರಬಂಧ ಬರೆದಾದ ಮೇಲಲ್ಲ, ಮೊದಲೇ ಶುರುಮಾಡಿ.